ಸುರಂಗವನ್ನು ಕಲ್ಪನೆಯೆಂದು ಓದಿದವರು

ನಾಲ್ಕು ವರ್ಷಗಳ ಹಿಂದೆ ನಾನು ಇಂಗ್ಲಿಷಿನಲ್ಲಿ ಬರೆದಿದ್ದ ಒಂದು ವಿಜ್ಞಾನ ಕಥೆಯ ಕರಡನ್ನು, ಅಂತರ್ಜಾಲದ ಲೇಖಕರ ಬಳಗವೊಂದರ, ನಾನು ಎಂದೂ ಭೇಟಿಯಾಗಿರದ ಏಳು ಮಂದಿ ಓದಿ, ಪ್ರತಿಯೊಬ್ಬರೂ ಒಂದೊಂದು ದೀರ್ಘ ಟಿಪ್ಪಣಿಯನ್ನು ಕಳುಹಿಸಿದ್ದರು. ಕಥೆ ನಡೆಯುವುದು ಮುಂದಿನ ಶತಮಾನದ ದಕ್ಷಿಣ ಕನ್ನಡದಲ್ಲಿ. ಕೊಳವೆಬಾವಿಗಳೆಲ್ಲ ಬತ್ತಿಹೋದ ಮೇಲೆ ಜನರು ಮತ್ತೆ ಗುಡ್ಡದ ಬದಿಯಲ್ಲಿ ಅಡ್ಡಲಾಗಿ ಸುರಂಗ ಕೊರೆದು ನೀರು ಹುಡುಕುತ್ತಾರೆ. ಕಥಾನಾಯಕಿಯ ಕೈಯಲ್ಲಿ ಮರದ ಒಂದು ಸಣ್ಣ ಉಪಕರಣವಿದ್ದು, ಅದನ್ನು ಮುರಕಲ್ಲಿಗೆ ಒತ್ತಿ ಹಿಡಿದರೆ ಒಳಗಿನ ಒಸರು ಸ್ವರವಾಗಿ ಕೇಳಿಸುತ್ತದೆ. ಅಮೆರಿಕದ ಓದುಗರೊಬ್ಬರು, ಈ ಕಥೆಯಲ್ಲಿ ತಮಗೆ ಅತ್ಯಂತ ಮೆಚ್ಚುಗೆಯಾದ ಕಲ್ಪನೆಯೆಂದರೆ ಸುರಂಗ ಎಂದು ಬರೆದಿದ್ದರು. ಗುಡ್ಡದ ಹೊಟ್ಟೆಯೊಳಗೆ ಬಗ್ಗಿ ನಡೆದು ನೀರು ತರುವ ಜನರನ್ನು ಸೃಷ್ಟಿಸಿದ್ದಕ್ಕೆ ನನ್ನನ್ನು ಮನಸಾರೆ ಅಭಿನಂದಿಸಿದ್ದರು. ಮರದ ಉಪಕರಣದ ವಿಷಯದಲ್ಲಿ ಮಾತ್ರ, ಅದು ಭಾರತದ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಹಳೆಯ ಸಾಧನವಿರಬೇಕೆಂದು ಭಾವಿಸಿ, ಅದರ ಕುರಿತು ಇನ್ನಷ್ಟು ತಿಳಿಯಲು ಏನನ್ನು ಓದಬೇಕು ಎಂದು ಕೇಳಿದ್ದರು.

ಸುರಂಗ ನನ್ನ ಕಲ್ಪನೆಯಲ್ಲ. ಅಡ್ಯನಡ್ಕದ ಸಮೀಪದ ನನ್ನ ಅಜ್ಜನ ಅಡಿಕೆ ತೋಟಕ್ಕೆ ನೀರು ಬರುತ್ತಿದ್ದದ್ದೇ ಅಂಥ ಎರಡು ಸುರಂಗಗಳಿಂದ. ದಕ್ಷಿಣ ಕನ್ನಡದ ತೆಂಕಣ ಭಾಗದಲ್ಲೂ ಗಡಿಯಾಚೆಯ ಕಾಸರಗೋಡಿನಲ್ಲೂ ಇಂಥವು ಸಾವಿರಾರು ಇವೆ. ಒಬ್ಬ ಮನುಷ್ಯ ಬಗ್ಗಿ ಒಳಹೋಗಿ ಪಿಕ್ಕಾಸಿನಿಂದ ಅಗೆಯಲು ಎಷ್ಟು ಜಾಗ ಬೇಕೋ ಅಷ್ಟೇ ಎತ್ತರ, ಅಷ್ಟೇ ಅಗಲ. ಉದ್ದವನ್ನು ಅಳೆಯುವುದು ಕೋಲಿನ ಲೆಕ್ಕದಲ್ಲಿ, ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಳಗೆ ಹೋಗುವವರು ಮೇಣದಬತ್ತಿಯನ್ನು ಒಯ್ಯುವುದು ಬೆಳಕಿಗಾಗಿ ಮಾತ್ರವಲ್ಲ. ಉರಿ ಕುಗ್ಗಿತೆಂದರೆ ಉಸಿರಾಟಕ್ಕೆ ಗಾಳಿ ಸಾಲದೆಂದು ತಿಳಿದು ಅವರು ಹೊರಬರಬೇಕು. ನೀರು ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ, ಇಳಿಜಾರಿನಲ್ಲಿ ಅದು ತಾನಾಗಿ ಹರಿದು ತೊಟ್ಟಿಯನ್ನು ಸೇರುತ್ತದೆ. ಅದೇ ಸೀಮೆಯ ಅಮೈ ಮಹಾಲಿಂಗ ನಾಯ್ಕರು ಬರಡು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ, ಮೊದಮೊದಲ ಪ್ರಯತ್ನಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಮುಂದುವರಿದು, ತೋಟವನ್ನು ಎಬ್ಬಿಸಿದ್ದಕ್ಕೆ 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮರದ ಉಪಕರಣವಾದರೋ ಸಂಪೂರ್ಣವಾಗಿ ನಾನೇ ಕಟ್ಟಿದ್ದು. ಅಂಥದ್ದು ಯಾವ ಊರಿನಲ್ಲೂ ಇಲ್ಲ.

ಆ ಟಿಪ್ಪಣಿಯನ್ನು ಓದಿದ ದಿನ ನನಗೆ ಆದದ್ದು ಬೇಸರವೇ. ನಮ್ಮ ನೆಲದ ಬದುಕು ಹೊರಗಿನವರಿಗೆ ಇಷ್ಟು ಅಪರಿಚಿತವೇ ಎಂಬ ನೋವು ಎರಡು ದಿನ ಉಳಿಯಿತು. ಮೂರನೆಯ ದಿನ ಕರಡನ್ನು ಅವರ ಕಣ್ಣಿನಿಂದ ಮತ್ತೊಮ್ಮೆ ಓದಲು ಪ್ರಯತ್ನಿಸಿದಾಗ, ತಪ್ಪು ಅವರ ಅಜ್ಞಾನದ್ದಲ್ಲ, ನನ್ನ ವಾಕ್ಯಗಳದ್ದು ಎಂಬುದು ಸ್ಪಷ್ಟವಾಯಿತು. ಸುರಂಗವನ್ನು ನಾನು ಒಂದೂವರೆ ಪುಟ ವಿವರಿಸಿದ್ದೆ, ಹೊಸತೊಂದನ್ನು ತೋರಿಸುವವರ ಉತ್ಸಾಹದಿಂದ, ಪ್ರತಿ ಅಳತೆಯನ್ನೂ ಹೇಳುತ್ತ. ಉಪಕರಣವನ್ನು ಮಾತ್ರ ಎಲ್ಲರಿಗೂ ಗೊತ್ತಿರುವ ಕತ್ತಿಯಂತೆ, ಮೆಟ್ಟುಕತ್ತಿಯಂತೆ, ಒಂದು ಮಾತಿನಲ್ಲಿ ಹೆಸರಿಸಿ ಮುಂದೆ ಹೋಗಿದ್ದೆ. ವಿಜ್ಞಾನ ಕಥೆಯನ್ನು ಓದಿ ಪಳಗಿದವರು, ಲೇಖಕರು ನಿಂತು ವಿವರಿಸಿದ್ದನ್ನು ಹೊಸದಾಗಿ ಸೃಷ್ಟಿಸಿದ್ದೆಂದೂ, ವಿವರಿಸದೆ ಬಳಸಿದ್ದನ್ನು ಲೋಕದಲ್ಲಿ ಮೊದಲೇ ಇರುವುದೆಂದೂ ತಿಳಿಯುತ್ತಾರೆ. ಅವರು ಓದಿದ ಕ್ರಮ ಸರಿಯಾಗಿತ್ತು. ಅಡ್ಯನಡ್ಕದವರೇ ಆದ ನನ್ನ ಅಕ್ಕನಿಗೆ ಅದೇ ಕಥೆಯನ್ನು ಕೊಟ್ಟಿದ್ದರೆ, ಸುರಂಗ ಅವಳಿಗೆ ಮನೆಯ ಹಿತ್ತಿಲು. ಈ ದೋಷ ಅವಳ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ.

ಅಚ್ಚಾಗುವ ಮೊದಲೇ, ಅಪರಿಚಿತರಾದ ಸಹಲೇಖಕರು ಒಬ್ಬರ ಕರಡನ್ನು ಒಬ್ಬರು ಓದುವ ಈ ಪದ್ಧತಿಯ ಬಗ್ಗೆ ಕನ್ನಡದಲ್ಲಿ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ನಮ್ಮಲ್ಲಿ ವಿಮರ್ಶೆ ಎಂಬ ಪದಕ್ಕೆ ತೂಕವಿದೆ, ಆದರೆ ಅದು ಪುಸ್ತಕ ಹೊರಬಂದ ಮೇಲಿನ ಮಾತು. ಇಲ್ಲಿ ನಾನು ಹೇಳಹೊರಟಿರುವುದು ಅದಲ್ಲ, ಇನ್ನೂ ಹಸಿಯಾಗಿರುವ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುವಂಥ ಓದು.

ವಿಜ್ಞಾನ ಮತ್ತು ಅದ್ಭುತ ಕಥೆಗಳನ್ನು ಬರೆಯುವವರಲ್ಲಿ ಈ ಓದಿಗೆ ದೀರ್ಘ ಪರಂಪರೆಯಿದೆ. 1956ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮಿಲ್ಫರ್ಡ್ ಎಂಬ ಸಣ್ಣ ಊರಿನಲ್ಲಿ ಡೇಮನ್ ನೈಟ್, ಜೇಮ್ಸ್ ಬ್ಲಿಷ್ ಮತ್ತು ಜುಡಿತ್ ಮೆರಿಲ್ ಎಂಬ ಮೂವರು ಲೇಖಕರು, ಆಗಲೇ ಕಥೆಗಳನ್ನು ಪ್ರಕಟಿಸುತ್ತಿದ್ದ ತಮ್ಮ ಜೊತೆಗಾರರನ್ನು ಸೇರಿಸಿ ಒಂದು ಕಮ್ಮಟವನ್ನು ಆರಂಭಿಸಿದರು. ಎಲ್ಲರೂ ಕರಡನ್ನು ಮೊದಲೇ ಓದಿ ಬರುತ್ತಾರೆ, ಸುತ್ತಲೂ ಕೂರುತ್ತಾರೆ, ಸರದಿಯ ಪ್ರಕಾರ ಒಬ್ಬೊಬ್ಬರೂ ತಮ್ಮ ಮಾತನ್ನು ತಡೆಯಿಲ್ಲದೆ ಹೇಳುತ್ತಾರೆ, ಅಷ್ಟೂ ಹೊತ್ತು ಕಥೆ ಬರೆದವರು ಬಾಯಿ ತೆರೆಯುವಂತಿಲ್ಲ. ಕೊನೆಯಲ್ಲಿ ಮಾತ್ರ ಅವರಿಗೆ ಉತ್ತರಿಸುವ ಅವಕಾಶ. ಈ ವಿಧಾನಕ್ಕೆ ಇಂದಿಗೂ ಆ ಊರಿನ ಹೆಸರೇ ಇದೆ. ಮಿಲ್ಫರ್ಡಿನಲ್ಲಿ ಪಾಲ್ಗೊಂಡಿದ್ದ ರಾಬಿನ್ ಸ್ಕಾಟ್ ವಿಲ್ಸನ್ ಅದನ್ನು ಹೊಸಬರಿಗೆ ಕಲಿಸಬಹುದೆಂದು ಯೋಚಿಸಿ 1968ರಲ್ಲಿ ಕ್ಲಾರಿಯನ್ ಎಂಬ ಕಮ್ಮಟವನ್ನು ಕಟ್ಟಿದರು. ಆರು ವಾರಗಳ ಆ ಕಮ್ಮಟ ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ನಡೆಯುತ್ತದೆ. 1970ರಲ್ಲಿ ಕ್ಲಾರಿಯನ್ ಕಮ್ಮಟದಲ್ಲಿ ಕಲಿತವರಲ್ಲಿ ಆಕ್ಟೇವಿಯಾ ಬಟ್ಲರ್ ಒಬ್ಬರು. ಕೂಲಿ ಕೆಲಸಗಳನ್ನು ಮಾಡುತ್ತ, ನಸುಕಿನಲ್ಲಿ ಎದ್ದು ಬರೆಯುತ್ತಿದ್ದ ಆ ಕಪ್ಪು ಮಹಿಳೆ ಮುಂದೆ ಈ ಪ್ರಕಾರದ ದಿಕ್ಕನ್ನೇ ಬದಲಾಯಿಸಿದರು. ನಮ್ಮ ದೇಶಕ್ಕೂ ಈ ಪದ್ಧತಿ ಬಂದಿದೆ: 2009ರಲ್ಲಿ ಐಐಟಿ ಕಾನ್ಪುರದಲ್ಲಿ ಅನಿಲ್ ಮೆನನ್, ವಂದನಾ ಸಿಂಗ್ ಮತ್ತು ಸುಚಿತ್ರಾ ಮಾಥುರ್ ಅವರು ವಿಜ್ಞಾನ ಕಥೆಯ ಕಮ್ಮಟವೊಂದನ್ನು ನಡೆಸಿದ್ದರು.

ಆದರೆ ಆರು ವಾರ ರಜೆ ಹಾಕಿ, ಸಾಗರ ದಾಟಿ ಹೋಗುವುದು ಎಷ್ಟು ಜನರಿಗೆ ಸಾಧ್ಯ? ಪುತ್ತೂರಿನ ಸಮೀಪದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನಂಥವರಿಗಂತೂ ಸಾಧ್ಯವಿಲ್ಲ. ಅದಕ್ಕೆ ಉತ್ತರವಾಗಿ 1995ರಲ್ಲಿ ಕಂಪ್ಯೂಟರ್ ವಿಜ್ಞಾನಿಯೂ ಕಥೆಗಾರರೂ ಆದ ಆಂಡ್ರ್ಯೂ ಬರ್ಟ್ ಎಂಬವರು 'ಕ್ರಿಟರ್ಸ್' ಎಂಬ ಬಳಗವನ್ನು ಅಂತರ್ಜಾಲದಲ್ಲಿ ಶುರುಮಾಡಿದರು. 1999ರಲ್ಲಿ ಡೆಲ್ ರೇ ಎಂಬ ಪ್ರಕಾಶನ ಇಂಥದೇ ಇನ್ನೊಂದನ್ನು ಆರಂಭಿಸಿತು. ಅದು ನಂತರ ಸ್ವತಂತ್ರವಾಗಿ ಮುಂದುವರಿಯಿತು. ಮಿಲ್ಫರ್ಡಿನ ವೃತ್ತ ಹೀಗೆ ಎಲ್ಲ ದೇಶಗಳಿಗೂ ಹಿಗ್ಗಿತು. ಕರಡುಗಳನ್ನು ಸದಸ್ಯರಲ್ಲದವರು ನೋಡದಂತೆ ಬೀಗ ಹಾಕಿ ಇಡುತ್ತಾರೆ. ಪತ್ರಿಕೆಗಳು ಕಥೆಯ ಮೊದಲ ಪ್ರಕಟಣೆಯ ಹಕ್ಕನ್ನು ಕೇಳುವುದರಿಂದ, ಎಲ್ಲರೂ ಓದಬಹುದಾದ ಕಡೆ ಅದನ್ನು ಒಮ್ಮೆ ಹಾಕಿದರೆ ಆ ಹಕ್ಕು ಕೈತಪ್ಪುತ್ತದೆ.

ನಾನು ಸೇರಿದ್ದು ಇವೆರಡೂ ಅಲ್ಲದ, ಇವುಗಳ ಮಾದರಿಯಲ್ಲೇ ನಡೆಯುವ ಒಂದು ಚಿಕ್ಕ ಬಳಗವನ್ನು. ಆದರೆ ಎಲ್ಲ ಕಡೆಯೂ ಜೀವಾಳವಾದ ನಿಯಮ ಒಂದೇ: ನಿಮ್ಮ ಕಥೆಯನ್ನು ಇತರರು ಓದಬೇಕಾದರೆ ನೀವು ಇತರರ ಕಥೆಗಳನ್ನು ಓದಿ ಟಿಪ್ಪಣಿ ಬರೆದಿರಬೇಕು. ಕ್ರಿಟರ್ಸ್‌ನಲ್ಲಿ ನಾಲ್ಕು ವಾರಗಳಲ್ಲಿ ಮೂರು ವಾರವಾದರೂ ಟಿಪ್ಪಣಿ ಬರೆಯಬೇಕೆಂಬ ಲೆಕ್ಕವಿದೆ. ಇನ್ನೊಂದರಲ್ಲಿ ಟಿಪ್ಪಣಿ ಬರೆದು ಅಂಕ ಗಳಿಸಿ, ಆ ಅಂಕವನ್ನು ತೆತ್ತು ಕಥೆಯನ್ನು ಮುಂದಿಡಬೇಕು. ಇದನ್ನು ಮೊದಲ ಬಾರಿ ಓದಿದಾಗ ನನಗೆ ನೆನಪಾದದ್ದು ನಮ್ಮ ಮುಯ್ಯಾಳು ಪದ್ಧತಿ. ನಾಟಿಯ ದಿನಗಳಲ್ಲಿ ಇಂದು ನೀವು ನಮ್ಮ ಗದ್ದೆಗೆ, ನಾಳೆ ನಾವು ನಿಮ್ಮ ಗದ್ದೆಗೆ; ಕೂಲಿಯ ಮಾತಿಲ್ಲ, ಆದರೆ ಲೆಕ್ಕ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಮುಯ್ಯಿಗೆ ಬಂದವರು ನೇಜಿಯನ್ನು ಅಡ್ಡಾದಿಡ್ಡಿ ನೆಟ್ಟು ಹೋದರೆ ನಾಳೆ ತಮ್ಮ ಗದ್ದೆಯಲ್ಲೂ ಅದೇ ಆದೀತೆಂದು ಅವರಿಗೆ ಗೊತ್ತು. ಕಥೆಯ ಟಿಪ್ಪಣಿಯಲ್ಲೂ ಅದೇ ಲೆಕ್ಕ ನಡೆಯುತ್ತದೆ. ಅವಸರದಲ್ಲಿ ನಾಲ್ಕು ಸಾಲು ಗೀಚಿದವರಿಗೆ ತಮ್ಮ ಕಥೆಯ ಬಗ್ಗೆಯೂ ನಾಲ್ಕು ಸಾಲುಗಳೇ ಬರುತ್ತವೆ.

ಈ ನಿಯಮದ ನಿಜವಾದ ಲಾಭ ಬೇರೆಯೇ ಇದೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಆರಂಭದಲ್ಲಿ ಇತರರ ಕಥೆಗಳನ್ನು ಓದುವುದು ತೆರಬೇಕಾದ ಸುಂಕ ಎಂದೇ ನಾನು ಭಾವಿಸಿದ್ದೆ. ಒಂದು ಸಾಧಾರಣ ಕಥೆಯನ್ನು ಜವಾಬ್ದಾರಿಯಿಂದ ಓದಲು ಒಂದು ಭಾನುವಾರದ ಬೆಳಗು ಹೋಗುತ್ತದೆ. ಮೊದಲ ಸಲ ಪೆನ್ನು ಹಿಡಿಯದೆ ಓದಬೇಕು. ಎರಡನೆಯ ಸಲ, ಗಮನ ಎಲ್ಲಿ ಜಾರಿತು, ಯಾವ ವಾಕ್ಯವನ್ನು ಮತ್ತೆ ಓದಬೇಕಾಯಿತು, ಯಾರ ಮಾತು ಯಾರದೆಂದು ಎಲ್ಲಿ ತಿಳಿಯಲಿಲ್ಲ ಎಂಬುದನ್ನು ಗುರುತು ಮಾಡಬೇಕು. ಆ ಮೇಲೆ, ಯಾಕೆ ಹಾಗಾಯಿತು ಎಂದು ಕಾರಣ ಹುಡುಕಬೇಕು. ಕಾರಣ ಹುಡುಕುವ ಆ ಕೊನೆಯ ಕೆಲಸವನ್ನು ಪ್ರಸಿದ್ಧ ಕಥೆಗಳ ಮೇಲೆ ಅಭ್ಯಾಸ ಮಾಡಲಾಗುವುದಿಲ್ಲ, ಏಕೆಂದರೆ ಅವುಗಳ ದೋಷಗಳನ್ನು ಸಂಪಾದಕರು ಆಗಲೇ ಒರೆಸಿರುತ್ತಾರೆ. ಒಡೆದಿರುವುದನ್ನು ನೋಡಬೇಕಾದರೆ ಕರಡನ್ನೇ ನೋಡಬೇಕು. ನನ್ನ ಕಥೆಗಳಲ್ಲಿ ನಾನು ಹತ್ತು ವರ್ಷ ಕಾಣದ ಒಂದು ದುರಭ್ಯಾಸವನ್ನು, ಪ್ರತಿ ದೃಶ್ಯವನ್ನೂ ಪಾತ್ರವೊಂದು ನಿದ್ದೆಯಿಂದ ಏಳುವುದರೊಂದಿಗೆ ತೊಡಗಿಸುವುದನ್ನು, ಕೆನಡಾದ ಒಬ್ಬ ತರುಣನ ಕಾದಂಬರಿಯ ಮೂರು ಅಧ್ಯಾಯಗಳಲ್ಲಿ ನೋಡಿ ನಾನು ಗುರುತಿಸಿದೆ.

ನನ್ನ ವೃತ್ತಿಯಿಂದಾಗಿ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಒಬ್ಬ ಲೇಖಕಿಯ ಕಥೆಯಲ್ಲಿ ಬಾಹ್ಯಾಕಾಶ ನೌಕೆಯೊಂದು ಉಂಗುರದಂತೆ ತಿರುಗುತ್ತ ಒಳಗಿರುವವರಿಗೆ ಭೂಮಿಯಷ್ಟೇ ತೂಕದ ಅನುಭವವನ್ನು ಕೊಡುತ್ತಿತ್ತು. ಉಂಗುರದ ತ್ರಿಜ್ಯ ಹತ್ತು ಮೀಟರ್ ಎಂದು ಅವರು ಬರೆದಿದ್ದರು. ಹತ್ತು ಮೀಟರಿನ ಉಂಗುರ ಅಷ್ಟು ತೂಕ ಕೊಡಬೇಕಾದರೆ ನಿಮಿಷಕ್ಕೆ ಸುಮಾರು ಒಂಬತ್ತೂವರೆ ಸುತ್ತು ತಿರುಗಬೇಕು. ಅಷ್ಟು ವೇಗದಲ್ಲಿ ತಲೆ ಹೊರಳಿಸಿದರೆ ಸಾಕು, ಕಿವಿಯೊಳಗಿನ ಸಮತೋಲ ತಪ್ಪಿ ವಾಕರಿಕೆ ಬರುತ್ತದೆ. ನಿಮಿಷಕ್ಕೆ ಎರಡೇ ಸುತ್ತು ಸಾಕಾಗಬೇಕಾದರೆ ತ್ರಿಜ್ಯ ಇನ್ನೂರ ಇಪ್ಪತ್ತು ಮೀಟರಿಗಿಂತ ಹೆಚ್ಚಿರಬೇಕು. ನಾನು ಸೂತ್ರ ಸಹಿತ ಎರಡು ಪುಟ ಬರೆದೆ. ಅವರು ಕೃತಜ್ಞತೆಯಿಂದ ಅಂಕಿಯನ್ನು ತಿದ್ದಿಕೊಂಡರು. ತಿದ್ದಿದ ಕರಡು ಮತ್ತೆ ಬಂದಾಗ ನನಗೆ ತಿಳಿದದ್ದೇನೆಂದರೆ, ಮೊದಲ ಓದಿನಲ್ಲಿ ನನ್ನ ಮನಸ್ಸು ನಿಜವಾಗಿ ಕಥೆಯಿಂದ ಕಳಚಿಕೊಂಡದ್ದು ಉಂಗುರದ ಬಳಿಯಲ್ಲಿ ಅಲ್ಲವೇ ಅಲ್ಲ, ತಂಗಿಯ ಸಾವಿನ ಸುದ್ದಿ ತಲುಪುವ ದೃಶ್ಯದಲ್ಲಿ. ಆ ದೃಶ್ಯ ನನ್ನನ್ನು ತಟ್ಟಲಿಲ್ಲ ಎಂದು ಹೇಳುವುದಕ್ಕೆ ಸಂಕೋಚವಾಗಿ, ಹೇಳಲು ಸುಲಭವಾದ ಲೆಕ್ಕವನ್ನು ನಾನು ಹೇಳಿದ್ದೆ. ಲೆಕ್ಕವನ್ನು ತಿದ್ದಲು ಬೇರೆ ಯಾರಾದರೂ ಸಿಗುತ್ತಿದ್ದರು. ಆ ದೃಶ್ಯದಲ್ಲಿ ಒಬ್ಬ ಓದುಗನ ಮನಸ್ಸು ಏನಾಯಿತು ಎಂಬುದನ್ನು ಹೇಳಬಲ್ಲವರು ಅದನ್ನು ಓದಿದವರು ಮಾತ್ರ. ಅಂದಿನಿಂದ ನನ್ನ ಟಿಪ್ಪಣಿಗಳಲ್ಲಿ ಭೌತಶಾಸ್ತ್ರವನ್ನು ಕೊನೆಯ ಪ್ಯಾರಾದಲ್ಲಿ ಇಡುತ್ತೇನೆ.

ಇಂಥ ಬಳಗಗಳಲ್ಲಿ ದೋಷಗಳಿಗೆ ಅಡ್ಡಹೆಸರುಗಳಿವೆ. ಅವುಗಳಲ್ಲಿ ಅನೇಕವನ್ನು ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಟರ್ಕಿ ಸಿಟಿ ಎಂಬ ಕಮ್ಮಟದವರು ಪಟ್ಟಿ ಮಾಡಿ ಪ್ರಚಾರಕ್ಕೆ ತಂದರು. ಮೊಲದಂತೆಯೇ ಇರುವ, ಮೊಲದಂತೆಯೇ ಹುಲ್ಲು ತಿನ್ನುವ ಪ್ರಾಣಿಗೆ 'ಸ್ಮೀರ್ಪ್' ಎಂದು ಹೆಸರಿಟ್ಟು ಅದನ್ನು ಅನ್ಯಗ್ರಹದ ಜೀವಿಯೆಂದು ನಂಬಿಸಲು ಹೊರಡುವುದು ಅವುಗಳಲ್ಲೊಂದು; ಆ ಪದವನ್ನು ಟಂಕಿಸಿದ್ದು ಮಿಲ್ಫರ್ಡಿನ ಬ್ಲಿಷ್ ಅವರೇ. ಇಬ್ಬರಿಗೂ ಮೊದಲೇ ತಿಳಿದಿರುವ ಸಂಗತಿಯನ್ನು, ಓದುಗರಿಗೆ ಕೇಳಿಸಲೆಂದು, ಒಬ್ಬ ವಿಜ್ಞಾನಿ ಇನ್ನೊಬ್ಬ ವಿಜ್ಞಾನಿಗೆ ಹೇಳುವುದಕ್ಕೆ 'ನಿನಗೆ ಗೊತ್ತಿರುವಂತೆ, ಬಾಬ್' ಎಂಬ ಹೆಸರು. ಹೆಸರಿದ್ದರೆ ದೋಷ ಬೇಗ ಕಣ್ಣಿಗೆ ಬೀಳುತ್ತದೆ, ನೋವೂ ಕಡಿಮೆ. ನೀವೊಬ್ಬರೇ ಮಾಡಿದ ತಪ್ಪಲ್ಲ, ಇಡೀ ಕುಲಕ್ಕೆ ಬರುವ ಜ್ವರ ಎಂಬ ಭಾವನೆ ಬರುತ್ತದೆ.

ಬಾಬ್‌ನ ಹೆಸರಿನಲ್ಲಿ ನನಗೆ ಒಮ್ಮೆ ಬಂದ ಆಕ್ಷೇಪವನ್ನು ನಾನು ಬಹಳ ಕಾಲ ಒಪ್ಪಿರಲಿಲ್ಲ. ನನ್ನ ಕಥೆಯೊಂದರ ಆರಂಭದಲ್ಲಿ ಒಬ್ಬ ವೃದ್ಧೆ ತಾನು ಯಾರು, ಯಾವ ನೀರಿನ ಯುದ್ಧದಲ್ಲಿ ಏನನ್ನು ಕಳೆದುಕೊಂಡೆ ಎಂದು ಎರಡು ಪುಟ ಮಾತಾಡುತ್ತಾಳೆ. ನನಗೆ ಅದು ದೋಷವಾಗಿ ಕಾಣಲಿಲ್ಲ, ಏಕೆಂದರೆ ನಾನು ಬೆಳೆದದ್ದು ತಾಳಮದ್ದಳೆಯ ಪೀಠಿಕೆಗಳನ್ನು ಕೇಳುತ್ತ. ಅಲ್ಲಿ ಕರ್ಣ ಬಂದು ಕುಳಿತರೆ ತನ್ನ ಹುಟ್ಟಿನಿಂದ ಇಂದಿನ ಸಂಕಟದವರೆಗೆ ಅರ್ಧ ಗಂಟೆ ಮಾತಾಡುತ್ತಾನೆ, ಸಭೆ ಉಸಿರು ಬಿಗಿಹಿಡಿದು ಕೇಳುತ್ತದೆ. ಹೀಗಿರುವಾಗ ನನ್ನ ವೃದ್ಧೆಯ ಮಾತು ಮಾತ್ರ ಏಕೆ ಭಾರವಾಗಬೇಕು? ಉತ್ತರ ಹೊಳೆದದ್ದು ಒಂದು ಮಳೆಗಾಲದ ರಾತ್ರಿ, ನಮ್ಮೂರಿನ ಭಜನಾ ಮಂದಿರದಲ್ಲಿ ಕುಳಿತಿದ್ದಾಗ. ಕರ್ಣನ ಕಥೆ ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಅರ್ಥಧಾರಿ ಯಾರಿಗೂ ಮಾಹಿತಿಯನ್ನು ಕೊಡುತ್ತಿಲ್ಲ. ಗೊತ್ತಿರುವ ಕಥೆಯಿಂದ ಯಾವುದನ್ನು ಆರಿಸುತ್ತಾನೆ, ಯಾವುದನ್ನು ಬಿಡುತ್ತಾನೆ, ಯಾವ ಗಾಯವನ್ನು ಮೊದಲು ಮುಟ್ಟುತ್ತಾನೆ ಎಂಬುದರಲ್ಲಿ ರಸವಿದೆ. ನನ್ನ ವೃದ್ಧೆಯ ಯುದ್ಧವಾದರೋ ಯಾರೂ ಕೇಳಿರದ್ದು. ಓದುಗರು ಅವಳ ನೋವಿನಲ್ಲಿ ಪಾಲ್ಗೊಳ್ಳುವ ಬದಲು ಹೆಸರುಗಳನ್ನೂ ಇಸವಿಗಳನ್ನೂ ನೆನಪಿಡುವ ಶ್ರಮದಲ್ಲಿದ್ದರು. ಆಕ್ಷೇಪ ಎತ್ತಿದವರಿಗೆ ತಾಳಮದ್ದಳೆ ಎಂದರೇನೆಂದು ಗೊತ್ತಿರಲಾರದು, ಆದರೂ ಅವರ ಒಂದು ಸಾಲು ನನಗೆ ನಮ್ಮದೇ ಕಲೆಯ ಒಂದು ಗುಟ್ಟನ್ನು ತಿಳಿಸಿಕೊಟ್ಟಿತು. ವೃದ್ಧೆಯ ಮಾತನ್ನು ನಾನು ತೆಗೆಯಲಿಲ್ಲ. ಕಥೆಯ ಕೊನೆಗೆ ಒಯ್ದೆ. ಅಷ್ಟರಲ್ಲಿ ಯುದ್ಧ ಓದುಗರಿಗೆ ಗೊತ್ತಾಗಿರುತ್ತದೆ, ಆಗ ಅವಳು ಪೀಠಿಕೆ ಹೇಳಬಹುದು.

ಮೌನದ ನಿಯಮದ ಬಗ್ಗೆಯೂ ಒಂದು ಮಾತು. ಬರಹದಲ್ಲಿ ನಡೆಯುವ ಬಳಗದಲ್ಲಿ ಬರೆದವರ ಬಾಯಿಗೆ ಯಾರೂ ಕೈ ಅಡ್ಡ ಇಡುವುದಿಲ್ಲ, ಆ ಸಂಯಮವನ್ನು ತಾವೇ ಇಟ್ಟುಕೊಳ್ಳಬೇಕು. ನಾನು ಒಮ್ಮೆ ಇಟ್ಟುಕೊಳ್ಳಲಿಲ್ಲ. ಸುರಂಗದ ಕಥೆಯ ನಾಯಕಿ ಉರಿ ಕುಗ್ಗುತ್ತಿದ್ದರೂ ಒಳಗೆ ಹೋಗುವುದಕ್ಕೆ ಕಾರಣವೇ ಇಲ್ಲ ಎಂದು ಓದುಗರೊಬ್ಬರು ಬರೆದಾಗ, ನಾನು ರಾತ್ರಿ ಹನ್ನೊಂದರವರೆಗೆ ಕುಳಿತು ನಾಲ್ಕು ಪುಟಗಳ ಉತ್ತರ ಬರೆದೆ. ಅವಳ ತಂದೆ ಅದೇ ಸುರಂಗದಲ್ಲಿ ಕೆಲಸ ಮಾಡಿದ್ದು, ಅವಳ ಹಳೆಯ ಅಪರಾಧಪ್ರಜ್ಞೆ, ಊರಿನವರ ಮಾತು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ವಂದನೆ ತಿಳಿಸಿದರು, ಮತ್ತೆ ನನ್ನ ಕಥೆಗಳನ್ನು ಓದಲಿಲ್ಲ. ಬಳಗದ ಹಿರಿಯರೊಬ್ಬರು ನನಗೆ ಪ್ರತ್ಯೇಕವಾಗಿ ಒಂದು ಸಾಲು ಬರೆದರು: ನಿಮ್ಮ ಉತ್ತರದಲ್ಲಿದ್ದ ತಂದೆ ನಿಮ್ಮ ಕಥೆಯಲ್ಲಿ ಎಲ್ಲಿದ್ದಾನೆ? ನಾನು ಕರಡನ್ನು ತೆರೆದು ಹುಡುಕಿದೆ. ತಂದೆಯ ಪ್ರಸ್ತಾಪ ಒಂದೇ ಒಂದು ಕಡೆ, ಅದೂ ಅರ್ಧ ವಾಕ್ಯದಲ್ಲಿ ಇತ್ತು. ಇಷ್ಟು ವರ್ಷ ನನ್ನ ತಲೆಯೊಳಗೇ ಇದ್ದುದರಿಂದ ಅವನು ಕಾಗದದ ಮೇಲೂ ಇದ್ದಾನೆಂದು ನಾನು ನಂಬಿದ್ದೆ.

ಹಾಗೆಂದು ಏಳು ಮಂದಿ ಹೇಳಿದ್ದನ್ನೆಲ್ಲ ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲರನ್ನೂ ತೃಪ್ತಿಪಡಿಸಲು ಹೊರಟ ಕಥೆಗಳನ್ನು ನಾನು ನೋಡಿದ್ದೇನೆ. ಅವು ಮೂರನೆಯ ಕರಡಿನ ಹೊತ್ತಿಗೆ ಎಲ್ಲ ಮೂಲೆಗಳೂ ಸವೆದು, ಯಾರೂ ಆಕ್ಷೇಪಿಸದ, ಯಾರೂ ನೆನಪಿಡದ ವಸ್ತುಗಳಾಗುತ್ತವೆ. ನನ್ನ ಇಂಗ್ಲಿಷ್ ವಾಕ್ಯಗಳು ಉದ್ದವೆಂದು ಪ್ರತಿ ಬಾರಿಯೂ ಇಬ್ಬರಾದರೂ ಹೇಳುತ್ತಾರೆ. ಕೆಲವು ಕಡೆ ಅವರು ಸರಿ. ಆದರೆ ಕನ್ನಡದಲ್ಲಿ ಯೋಚಿಸುವವರ ವಾಕ್ಯ ಕ್ರಿಯಾಪದವನ್ನು ಕೊನೆಯವರೆಗೆ ಕಾಯಿಸುತ್ತದೆ. ಆ ಕಾಯುವಿಕೆ ನನ್ನ ಇಂಗ್ಲಿಷಿನಲ್ಲೂ ಉಳಿದರೆ ನನಗೆ ಸಂಕೋಚವಿಲ್ಲ, ಅದನ್ನು ನಾನು ತಿದ್ದುವುದಿಲ್ಲ. ವರ್ಷಗಳ ಅನುಭವದಿಂದ ನಾನು ಕಂಡುಕೊಂಡ ಅಳತೆ ಇಷ್ಟೇ: ಓದುಗರು ತಮಗೆ ಏನಾಯಿತೆಂದು ಹೇಳಿದಾಗ ಬಹುಮಟ್ಟಿಗೆ ನಂಬುತ್ತೇನೆ, ಅದನ್ನು ಹೇಗೆ ಸರಿಪಡಿಸಬೇಕೆಂದು ಹೇಳಿದಾಗ ಬಹಳ ಯೋಚಿಸಿ ತೆಗೆದುಕೊಳ್ಳುತ್ತೇನೆ.

ಕನ್ನಡದಲ್ಲಿ ವಿಜ್ಞಾನ ಕಥೆ ಬರೆಯುವವರು ಎಂದೂ ಬಹಳ ಮಂದಿ ಇರಲಿಲ್ಲ. ರಾಜಶೇಖರ ಭೂಸನೂರಮಠರನ್ನು ಹೈಸ್ಕೂಲಿನಲ್ಲಿ ಓದಿ, ನಮ್ಮ ಭಾಷೆಯಲ್ಲೂ ಆಕಾಶಕ್ಕೆ ಹೋಗಬಹುದೆಂದು ರೋಮಾಂಚನಗೊಂಡ ಪೀಳಿಗೆ ನನ್ನದು. ಬರೆಯುವವರು ಕಡಿಮೆಯಿದ್ದಾಗ ಕರಡನ್ನು ಓದುವವರು ಇನ್ನೂ ಕಡಿಮೆ. ಹೆಚ್ಚಿನವರು ಬರೆದು, ಸ್ವತಃ ಎರಡು ಬಾರಿ ಓದಿ, ನೇರವಾಗಿ ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಗೆ ಕಳುಹಿಸುತ್ತಾರೆ. ಬಹುಮಾನ ಬಂದರೆ ಸಂತೋಷ, ಬಾರದಿದ್ದರೆ ಕಾರಣ ತಿಳಿಯುವ ಮಾರ್ಗವಿಲ್ಲ. ಹಾಗಾಗಿ ಕಳೆದ ವರ್ಷ ನಾವು ಐದು ಮಂದಿ ಸೇರಿ, ಪುತ್ತೂರು, ಶಿರಸಿ, ಧಾರವಾಡ, ಬೆಂಗಳೂರು ಮತ್ತು ಮಸ್ಕತ್‌ಗಳಲ್ಲಿ ಇರುವವರು, ಕನ್ನಡದಲ್ಲೇ ಒಂದು ಮುಯ್ಯಿಯ ಬಳಗವನ್ನು ಆರಂಭಿಸಿದೆವು. ತಿಂಗಳಿಗೆ ಒಬ್ಬರ ಕಥೆ, ನಾಲ್ವರ ಟಿಪ್ಪಣಿ.

ಮೊದಲ ಮೂರು ತಿಂಗಳು ಅದು ನಡೆಯಲಿಲ್ಲ. ಎಲ್ಲರೂ ಎಲ್ಲರಿಗೂ 'ತುಂಬಾ ಚೆನ್ನಾಗಿದೆ' ಎಂದೇ ಬರೆದೆವು. ಅಮೆರಿಕದ ಅಪರಿಚಿತರಿಗೆ ನಿರ್ದಾಕ್ಷಿಣ್ಯವಾಗಿ ಹೇಳಬಲ್ಲ ನಾನೇ, ಧಾರವಾಡದ ಹಿರಿಯರಿಗೆ, ನಿವೃತ್ತ ಮೇಷ್ಟ್ರಿಗೆ, ಅವರ ಕಥೆಯ ನಡುಭಾಗ ಎಳೆದಂತಿದೆ ಎಂದು ಹೇಳಲಾರದೆ ಹೋದೆ. ಹಿರಿಯರ ಮುಂದೆ ಎದುರು ಮಾತಾಡಬಾರದೆಂದು ಕಲಿತ ನಾಲಿಗೆ ಬರಹದಲ್ಲೂ ಏಳುವುದಿಲ್ಲ. ಮೆಚ್ಚುಗೆಯೂ ಇರಲಿ, ಟೀಕೆಯೂ ಇರಲಿ ಎಂದು ನಾವು ನಿಯಮ ಮಾಡಿದರೂ ಪ್ರಯೋಜನವಾಗಲಿಲ್ಲ. ಮೆಚ್ಚುಗೆ ಎರಡು ಪುಟ, ಟೀಕೆ ಕಾಗುಣಿತದ ತಪ್ಪಿನಷ್ಟೇ ಆಯಿತು. ಕೊನೆಗೆ ಶಿರಸಿಯ ಗೆಳತಿ ಒಂದು ಉಪಾಯ ಹೇಳಿದರು. ಅಭಿಪ್ರಾಯವನ್ನೇ ಕೇಳುವುದು ಬೇಡ, ಓದುವಾಗ ಏನು ನಡೆಯಿತೆಂದು ಮಾತ್ರ ಕೇಳೋಣ: ಎಲ್ಲಿ ನಿಲ್ಲಿಸಿದಿರಿ, ಎಲ್ಲಿ ಹಿಂದಿನ ಪುಟಕ್ಕೆ ಹೋದಿರಿ, ಎಲ್ಲಿ ಗಡಿಯಾರ ನೋಡಿದಿರಿ. ಇದರಲ್ಲಿ ತೀರ್ಪು ಇಲ್ಲವಾದ್ದರಿಂದ ಅವಮರ್ಯಾದೆಯೂ ಇಲ್ಲ.

ನಾಲ್ಕನೆಯ ತಿಂಗಳಿನದು ನನ್ನ ಸರದಿ. ನಾನು ಸುರಂಗದ ಕಥೆಯನ್ನೇ ಕನ್ನಡದಲ್ಲಿ ಹೊಸದಾಗಿ ಬರೆದು ಕೊಟ್ಟೆ. ಈ ಬಾರಿ ಸುರಂಗವನ್ನು ವಿವರಿಸಲಿಲ್ಲ, ಮೇಣದಬತ್ತಿಯನ್ನೂ ಕೋಲಿನ ಲೆಕ್ಕವನ್ನೂ ಕೆಲಸದ ನಡುವೆ ಬಂದಷ್ಟೇ ಬಿಟ್ಟೆ. ಮರದ ಉಪಕರಣದ ಬಳಿ ಮಾತ್ರ ನಾಯಕಿಯನ್ನು ನಿಲ್ಲಿಸಿದೆ, ಅದನ್ನು ಮೊದಲ ಬಾರಿ ಕಿವಿಗಿಟ್ಟವಳ ಬೆರಗಿನೊಂದಿಗೆ. ತಂದೆಗೆ ಒಂದು ಇಡೀ ದೃಶ್ಯ ಸಿಕ್ಕಿತು. ಸುರಂಗವನ್ನು ಎಂದೂ ಕಂಡಿರದ ಧಾರವಾಡದ ಮೇಷ್ಟ್ರು ಬರೆದ ಟಿಪ್ಪಣಿ ಹೀಗಿತ್ತು: 'ಆರನೇ ಪುಟದಾಗ ನಾ ಚಹಾಕ್ಕ ಎದ್ದೆ. ಅಪ್ಪ ಬಂದ ಮ್ಯಾಲೆ ಏಳಲಿಲ್ಲ. ಆ ಮರದ್ದು ನೀವು ಹುಟ್ಟಿಸಿದ್ದು ಅಂತ ಗೊತ್ತಾತು, ಆದರ ಸುರಂಗದಾಗ ಮೇಣಬತ್ತಿ ಹಿಡಿಯೋದು ಖರೇನ ಅದ ಏನು?'

ಆರನೆಯ ಪುಟದಲ್ಲಿ ಏನಿದೆ ಎಂದು ನಾನು ಈಗ ನೋಡುತ್ತಿದ್ದೇನೆ.